ಚಿಕ್ಕಜ್ಜಿಯ ಬಾವಿಯ ಕೊರವ

ಮೀನಿಗೆ ಗಾಳ ಹಾಕಲು ಹೋಗುವವರು ಮೊದಲು ತಮ್ಮ ನೆರಳು ಎಲ್ಲಿ ಬೀಳುತ್ತದೆಂದು ನೋಡಿಕೊಳ್ಳಬೇಕು ಎಂದು ನನ್ನ ಸೋದರಮಾವ ಹೇಳುತ್ತಿದ್ದರು. ಹುಳು, ಹುರಿ, ಬೆಂಡು, ಬಿದಿರು ಇವೆಲ್ಲ ಆಮೇಲಿನ ಮಾತು. ಬೆಳಿಗ್ಗೆ ಹೋದರೆ ಸೂರ್ಯನಿಗೆ ಎದುರಾಗಿ ಕೂರಬೇಕು, ಕಣ್ಣಿಗೆ ಕಷ್ಟವಾದರೂ ಸರಿ. ಮನುಷ್ಯನ ನೆರಳು ಬಿದ್ದ ನೀರಿನಲ್ಲಿ ಮೀನು ನಿಲ್ಲುವುದಿಲ್ಲ. ನಿಂತರೂ ಬಾಯಿ ತೆರೆಯುವುದಿಲ್ಲ. ನೆರಳಾದ ಮೇಲೆ ಹೆಜ್ಜೆ. ದಡದ ಮೇಲೆ ಧೊಪ್ಪನೆ ಕಾಲಿಟ್ಟರೆ ನೀರಿನೊಳಗೆ ಗುಡುಗಿದ ಹಾಗಾಗುತ್ತದಂತೆ. ಮಾತು ಮಾತ್ರ ಮೀನಿಗೆ ಕೇಳುವುದಿಲ್ಲ, ಎಷ್ಟು ಬೇಕಾದರೂ ಆಡಬಹುದು ಎನ್ನುವುದು ಅವರ ಸಿದ್ಧಾಂತವಾಗಿತ್ತು. ಈ ಕೊನೆಯದನ್ನು ಅವರು ತಮ್ಮ ಅನುಕೂಲಕ್ಕೆ ಸೇರಿಸಿಕೊಂಡಿದ್ದರೆಂದು ನನ್ನ ಅನುಮಾನ. ಮಾವ ಸುಮ್ಮನಿದ್ದುದನ್ನು ನಾನು ನೋಡಿದ್ದು ಕಡಿಮೆ.

ಅವರ ಊರು ಅರಕಲಗೂಡಿನ ಕಡೆ, ಹೊಳೆಯ ದಡದಲ್ಲಿ. ಗದ್ದೆ ಹೊಲ ಬೇಕಾದಷ್ಟಿತ್ತು, ಕೆಲಸಕ್ಕೆ ಆಳುಗಳಿದ್ದರು, ಆದರೆ ಮನಸ್ಸು ಯಾವಾಗಲೂ ನೀರಿನಲ್ಲಿ. ನಮ್ಮ ಮನೆಗೆ ಬಂದಾಗಲೂ ಗಾಡಿಯ ತಟ್ಟಿಗೆ ಕಟ್ಟಿದ ಬಿದಿರಿನ ಗಳು ಮೊದಲು ಕಾಣುತ್ತಿತ್ತು, ಆಮೇಲೆ ಮಾವ. ನಮ್ಮದು ಹೊಳೆನರಸೀಪುರಕ್ಕೂ ಚನ್ನರಾಯಪಟ್ಟಣಕ್ಕೂ ನಡುವಿನ ಒಂದು ಹಳ್ಳಿ. ಊರ ಮುಂದೆ ಕೆರೆ, ಕೆರೆಯ ಹಿಂದೆ ಒಂದಿಷ್ಟು ಗದ್ದೆ, ಉಳಿದದ್ದೆಲ್ಲ ರಾಗಿ ಹೊಲ.

ನಾನು ಹೇಳುತ್ತಿರುವುದು ಯುದ್ಧದ ಕಾಲದ ಒಂದು ಮುಂಗಾರಿನ ಮಾತು. ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಕೊನೆಯ ಪರೀಕ್ಷೆ ಬರೆದು ಊರಿಗೆ ಬಂದಿದ್ದೆ. ಫಲಿತಾಂಶ ಬಂದಿರಲಿಲ್ಲ. ಅದೇ ಬೇಸಿಗೆ ನನ್ನ ಅಕ್ಕ ಎರಡನೆಯ ಹೆರಿಗೆಗೆ ತವರಿಗೆ ಬಂದಿದ್ದಳು. ಮೊದಲನೆಯ ಮಗು ಗಂಡು. ಅದು ಹುಟ್ಟಿ ತಿಂಗಳು ತುಂಬುವ ಮೊದಲೇ ಹೋಗಿತ್ತು. ಅಕ್ಕನಿಗೆ ಹಾಲು ಬಂದಿರಲಿಲ್ಲ. ಆ ಮಗುವಿನ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತದೆ ಇರುವುದರಲ್ಲೇ ಅದು ಮನೆಯ ತುಂಬ ಇತ್ತು.

ಈ ಸಲ ಹೆಣ್ಣು. ಹೆರಿಗೆ ಸುಲಭವಾಯಿತು. ಆದರೆ ಮರುದಿನದಿಂದಲೇ ಅಕ್ಕನಿಗೆ ಜ್ವರ ಹಿಡಿಯಿತು. ಹಾಸನದ ಆಸ್ಪತ್ರೆಯ ಲೇಡಿ ಡಾಕ್ಟರು ಕೊಟ್ಟ ಔಷಧದಿಂದ ಜ್ವರ ಇಳಿಯಿತು, ಆದರೆ ಹಾಲು ಬರಲಿಲ್ಲ. ಅಕ್ಕ ಊಟವನ್ನೂ ಬಿಟ್ಟಳು. ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದಳು. ನಮ್ಮ ಒಕ್ಕಲಿನ ಒಬ್ಬ ಹೆಂಗಸು ತನ್ನ ಮಗುವಿಗೆ ಕೊಟ್ಟು ಉಳಿದ ಹಾಲನ್ನು ಇದಕ್ಕೂ ಕೊಟ್ಟು ಹೋಗುತ್ತಿದ್ದಳು. ಅವಳ ಮಗುವಿಗೇ ಅದು ಸಾಲದು. ಮೇಕೆ ಹಾಲು ಕೊಟ್ಟರೆ ಮಗು ಕಕ್ಕುತ್ತಿತ್ತು. ಡಾಕ್ಟರು ಹೇಳಿದ ಹಾಲಿನ ಪುಡಿಯ ಡಬ್ಬಿ ಯುದ್ಧದ ದೆಸೆಯಿಂದ ಹಾಸನದ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಮಗುವಿನ ಅಳು ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು.

ಅಜ್ಜಿ, ಎಂದರೆ ನನ್ನ ತಂದೆಯ ತಾಯಿ, ಒಂದೇ ಮಾತು ಹಿಡಿದರು.

"ಬಾಣಂತಿಗೆ ಕೊರವನ ಸಾರು ಬೀಳಬೇಕು. ಮೆಣಸು ಬೆಳ್ಳುಳ್ಳಿ ಆಕಿ ಕಾಯ್ಸಿದ್ ಸಾರು. ಅದು ಒಟ್ಟೆಗೆ ಓದ್ರೆ ಆಲು ತಾನಾಗ್ ಇಳೀತದೆ. ಸತ್ತ ಮೀನು ಆಗಕಿಲ್ಲ, ಜೀವ ಇರೋದೇ ಬೇಕು."

ಕೊರವ ಎಂದರೆ ಹಾವಿನಂಥ ತಲೆಯ, ಉರುಟು ಮೈಯ ಕೆರೆಮೀನು. ಇತರ ಮೀನುಗಳ ಹಾಗೆ ನೀರಿನ ಉಸಿರೊಂದೇ ಅದಕ್ಕೆ ಸಾಲದು. ಆಗಾಗ ಮೇಲೆ ಬಂದು ಗಾಳಿ ಕುಡಿದು ಹೋಗಬೇಕು. ಆದ್ದರಿಂದಲೇ ನೀರಿನಿಂದ ಹೊರಗೆ ತೆಗೆದರೂ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೆ, ಬಹಳ ಹೊತ್ತು ಬದುಕಿರುತ್ತದೆ. ಅದರ ಸಾರಿಗೂ ತಾಯಿಯ ಹಾಲಿಗೂ ಸಂಬಂಧವಿದೆಯೆಂದು ನಾನು ಓದಿದ ಪುಸ್ತಕಗಳಲ್ಲಿ ಇರಲಿಲ್ಲ. ಇಲ್ಲವೆಂದೂ ಇರಲಿಲ್ಲ. ನಾನು ಅಜ್ಜಿಯೊಡನೆ ವಾದಿಸಲಿಲ್ಲ. ಮಾವನಿಗೆ ಹೇಳಿಕಳಿಸಿದರು. ಮಾವ ಬಂದರು, ಗಾಡಿಯ ಮೇಲೆ ಬಿದಿರು ಬಂತು.

ಮರುದಿನ ಬೆಳಕು ಹರಿಯುತ್ತಿದ್ದಂತೆ ನಾನು ಅವರ ಜೊತೆಗೆ ಕೆರೆಗೆ ಹೊರಟೆ. ಮನೆಯೊಳಗೆ ಆ ಸಣ್ಣ ಅಳುವನ್ನು ಕೇಳುತ್ತ ಕೂರಲಾರದೆ ಹೊರಟದ್ದು ಎಂದರೂ ಸರಿ. ಎರಡು ಮೂರು ಒಳ್ಳೆಯ ಮಳೆಯಾಗಿ ಕೆರೆಯ ಒಳಗಿನ ಹುಲ್ಲು ಮುಳುಗುವಷ್ಟು ನೀರು ಬಂದಿತ್ತು. ಮಾವ ಏರಿಯ ಮೇಲೆ ನಿಲ್ಲಲಿಲ್ಲ. ನನ್ನನ್ನೂ ಕೆಳಗಿಳಿಸಿ, ಸೂರ್ಯನಿಗೆ ಎದುರಾಗಿ, ಲಂಟಾನದ ಪೊದೆಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂರಿಸಿದರು. ಸಣ್ಣ ಕಪ್ಪೆಯೊಂದನ್ನು ಬಟ್ಟೆಯಲ್ಲಿ ಕಟ್ಟಿ ತಂದಿದ್ದರು.

"ಕೊರವಂಗೆ ಎರೆಹುಳ ಆಕೋರು ಅದಾರೆ. ಅದು ಪಾಪ, ಆಸ್ಪತ್ರೆ ಗಂಜಿ. ಕಪ್ಪೆ ಅಂದ್ರೆ ಅಬ್ಬದೂಟ," ಎಂದು ಗಾಳಕ್ಕೆ ಕೈ ಹಾಕಿದವರು ಹಾಗೆಯೇ ನಿಂತರು.

ಹುಲ್ಲಿನ ಅಂಚಿನಲ್ಲಿ ನೀರು ಕೆಂಪಾಗಿತ್ತು. ಅಂಗೈ ಅಗಲದ ಒಂದು ಜಾಗದಲ್ಲಿ ಯಾರೋ ಕುಂಕುಮ ಚೆಲ್ಲಿ ಕದಡಿದ ಹಾಗೆ. ಆ ಕೆಂಪು ಕುದಿಯುತ್ತಿತ್ತು. ದಿಟ್ಟಿಸಿ ನೋಡಿದರೆ, ಭತ್ತದ ಕಾಳಿಗಿಂತ ದೊಡ್ಡದಲ್ಲದ ಮರಿಗಳು. ಎಣಿಸುವ ಮಾತೇ ಇಲ್ಲ. ಒಂದರ ಮೇಲೊಂದು ಬಂದು ಗಾಳಿ ಕಚ್ಚಿ ಕೆಳಗಿಳಿಯುತ್ತಿದ್ದವು. ಇಳಿದವುಗಳ ಜಾಗಕ್ಕೆ ಬೇರೆಯವು ಏಳುತ್ತಿದ್ದವು. ಇಡೀ ಮುದ್ದೆ ಒಂದೇ ಪ್ರಾಣಿಯ ಹಾಗೆ ಸರಿಯುತ್ತಿತ್ತು. ಅದರ ಕೆಳಗೆ, ಮೊಳದಷ್ಟು ಆಳದಲ್ಲಿ, ಎರಡು ಕಪ್ಪು ಮೈಗಳು ಅಲುಗದೆ ಅದರ ಜೊತೆಜೊತೆಗೇ ಸರಿಯುತ್ತಿದ್ದವು. ಒಂದು ಕಪ್ಪೆ ಹುಲ್ಲಿನಿಂದ ಹಾರಿ ಹತ್ತಿರ ಬಿತ್ತು. ಕೆಳಗಿನ ಕಪ್ಪು ಮೈ ಒಂದು ಎದ್ದಿತು. ನೀರು ಒಡೆದ ಸದ್ದಷ್ಟೇ ಕೇಳಿಸಿತು. ಕಪ್ಪೆ ಇರಲಿಲ್ಲ. ಮರಿಗಳು ಚದುರಿ, ಮತ್ತೆ ಕೂಡಿ, ಮತ್ತೆ ಕುದಿಯತೊಡಗಿದವು.

ನಾನು ಉಸಿರು ಬಿಟ್ಟಾಗ ಮಾವ ಹುರಿಯನ್ನು ಗಳುವಿಗೆ ಸುತ್ತುತ್ತಿದ್ದರು.

"ಯಾಕೆ ಮಾವ? ಎರಡಿವೆಯಲ್ಲ."

"ಮರಿ ಮೇಯಿಸ್ತಾ ಅವೆ ಕಣವ್ವ. ಈಗ ಗಾಳ ಆಕಂಗಿಲ್ಲ."

"ಒಂದನ್ನ ಹಿಡಿದರೆ ಇನ್ನೊಂದು ಇರುತ್ತದೆ. ಅದು ಕಾಯುತ್ತದೆ."

"ಒಂದು ಓದ್ರೆ ಇನ್ನೊಂದು ಯಾವ್ ಕಡೆ ಅಂತ ಕಾಯ್ತದೆ? ಮೇಲಿಂದ ಕೊಕ್ಕರೆ, ಕೆಳಗಿಂದ ಬೇರೆ ಮೀನು. ಸಂಜೆಗೆ ಆ ಕೆಂಪು ಇರಕಿಲ್ಲ."

"ಮಾವ, ಮನೆಯಲ್ಲಿ ಮಗು..."

"ಗೊತ್ತು ಕಣವ್ವ." ಅವರು ನನ್ನ ಕಡೆ ನೋಡಲಿಲ್ಲ. "ಈಗ ಏನ್ ಆಕುದ್ರೂ ಬತ್ತದೆ. ಕಪ್ಪೆ ಬ್ಯಾಡ, ಬಟ್ಟೆ ಚೂರು ಆಕುದ್ರೂ ಬಾಯ್ ಆಕ್ತದೆ. ಅಸಿವಾಗಿ ಅಲ್ಲ, ಮರಿ ತಂಟೆಗೆ ಬಂತು ಅಂತ. ಅಂಗೆ ಬರೋದನ್ನ ಇಡಿಯೋದು ಗಾಳ ಅಲ್ಲ. ನಮ್ಮಪ್ಪ ಆಕಿಲ್ಲ, ಅವರಪ್ಪ ಆಕಿಲ್ಲ. ಬಾಣಂತಿಗೆ ಬಾಣಂತೀನ ಬೇಯಿಸಿ ಆಕ್ಲಾ ನಾನು?"

ನನಗೆ ಅಳು ಬಂದಂತಾಯಿತು. ಅದು ಬರದಿರಲೆಂದು, "ಹೆಚ್ಚಾಗಿ ಕಾಯುವುದು ಗಂಡು ಎಂದು ನಮ್ಮ ಪುಸ್ತಕದಲ್ಲಿತ್ತು," ಎಂದೆ.

ಮಾವ ಗಳುವನ್ನು ಹೆಗಲಿಗೇರಿಸಿ ಯೋಚಿಸಿದರು. "ಗಂಡಾ? ಅಂಗಾರೆ ನಿಮ್ ಭಾವನ್ನ ಕರ್ಕಬಂದು ಒಂದು ಸಲ ತೋರ್ಸಬೇಕು," ಎಂದರು. ಭಾವನಿಗೆ ಹಾಸನದ ಕಛೇರಿಯಲ್ಲಿ ರಜೆ ಸಿಕ್ಕಿರಲಿಲ್ಲ. ಮಗುವನ್ನು ನೋಡಲು ಅವರು ಇನ್ನೂ ಬಂದಿರಲಿಲ್ಲ.

ಆ ಕಡೆ ಹೇಮಾವತಿಯಲ್ಲಿ ಹೊಸ ನೀರು ಬಂದು ಕೆಂಪಗೆ ಹರಿಯುತ್ತಿತ್ತು. ಓಡುವ ನೀರಿನಲ್ಲಿ ಕೊರವ ನಿಲ್ಲುವುದಿಲ್ಲವೆಂದು ಗೊತ್ತಿದ್ದರೂ ಮಾವ ಮಧ್ಯಾಹ್ನ ಹೊಳೆನರಸೀಪುರದ ತನಕ ಹೋಗಿಬಂದರು. ಒಂದು ಗೆಂಡೆಮೀನು ಸಿಕ್ಕಿತ್ತು. ಅಜ್ಜಿ ಅದನ್ನು ಬಾಲ ಹಿಡಿದು ನೋಡಿ, "ಇದ್ರಾಗೆ ಮುಳ್ಳು ಬುಟ್ರೆ ಏನದೆ?" ಎಂದು ಬದಿಗಿಟ್ಟರು. ಸುತ್ತಲಿನ ಕೆರೆಗಳಲ್ಲೆಲ್ಲ ಆಗ ಮರಿಯ ಕಾಲ. ಕೊರವ ಎಲ್ಲ ಕಡೆಯೂ ಇತ್ತು, ಎಲ್ಲಿಯೂ ಇರಲಿಲ್ಲ.

ರಾತ್ರಿ ಊಟ ಬಡಿಸುತ್ತಿದ್ದ ಅವ್ವ, "ಚಿಕ್ಕವ್ವನ ಬಾವೀಲಿ ಒಂದು ಐತಲ್ಲ," ಎಂದಳು. ಮಾವ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. ಅವರ ಮುಖದಲ್ಲಿ ನಾಚಿಕೆಯಂಥದ್ದು ಸುಳಿಯಿತು.

ಚಿಕ್ಕವ್ವ ಎಂದರೆ ಅವ್ವನಿಗೂ ಮಾವನಿಗೂ ತಾಯಿಯ ತಂಗಿ, ನನಗೆ ಚಿಕ್ಕಜ್ಜಿ. ಚನ್ನರಾಯಪಟ್ಟಣದ ಕಡೆ ಅವರ ಮನೆ. ಆ ಸೀಮೆಯಲ್ಲಿ ಹೊಳೆಯಿಲ್ಲ. ತೋಟವೆಲ್ಲ ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಯ ಮೇಲೆ ನಿಂತದ್ದು. ಹೊಸ ಬಾವಿ ತೋಡಿ ನೀರು ಬಿದ್ದಾಗ ಅದರೊಳಕ್ಕೆ ಒಂದು ಕೊರವನ ಮರಿ ಬಿಡುವುದು ಅಲ್ಲಿನವರ ಪದ್ಧತಿ. ಬಾವಿಗೆ ಬೀಳುವ ಹುಳುಹುಪ್ಪಟೆ ತಿಂದು ಅದು ನೀರನ್ನು ಚೊಕ್ಕಟವಾಗಿಡುತ್ತದೆ. ಒಂದು ಸತ್ತರೆ ಇನ್ನೊಂದನ್ನು ಬಿಡುತ್ತಾರೆ. ಬಾವಿಯ ಮೀನನ್ನು ಯಾರೂ ಹಿಡಿಯುವುದಿಲ್ಲ, ಅದು ಮನೆಯ ಎತ್ತಿನ ಹಾಗೆ, ಮನೆಗೆ ಸೇರಿದ್ದು. ಚಿಕ್ಕಜ್ಜಿಯ ಬಾವಿಯದು ಬಹಳ ದೊಡ್ಡದೆಂದು ಕೇಳಿದ್ದ ಮಾವ ಹಿಂದೊಮ್ಮೆ ಗಳು ಹಿಡಿದು ಹೋಗಿ, ಪೊರಕೆಯ ಏಟು ತಿಂದು ಬಂದಿದ್ದರಂತೆ.

ಬೆಳಗಿನ ಜಾವದಲ್ಲೇ ಗಾಡಿ ಕಟ್ಟಿದರು. ಬಿಸಿಲೇರುವ ಹೊತ್ತಿಗೆ ನಾವು ಅಲ್ಲಿದ್ದೆವು. ಚಿಕ್ಕಜ್ಜಿ ಅಂಗಳದಲ್ಲಿ ಹುರುಳಿ ಕೇರುತ್ತಿದ್ದರು. ಮಾವನನ್ನು ಕಂಡದ್ದೇ ಮೊರ ಕೆಳಗಿಟ್ಟರು.

"ಏನ್ಲಾ, ಮತ್ತೆ ಬಂದ್ಯಾ? ಎಲ್ಲಿಟ್ಟೆ ನನ್ ಪೊರಕೇನ?"

"ಚಿಕ್ಕವ್ವ, ಈ ಸಲ ನಂಗಲ್ಲ ಕಣವ್ವ."

"ನಿಂಗಲ್ದೆ ಇನ್ಯಾರ್ಗೆ? ಮಾರಾಜ್ರು ಯೋಳ್ಕಳ್ಸವ್ರಾ?"

ಮಾವ ವಿಷಯ ಹೇಳಿದರು. ಆಶ್ಚರ್ಯವೆಂದರೆ ಬಹಳ ಚಿಕ್ಕದಾಗಿ ಹೇಳಿದರು. ಚಿಕ್ಕಜ್ಜಿ ನನ್ನ ಕಡೆ ತಿರುಗಿದರು.

"ಕೂಸು ಎಂಗದೆ?"

"ಅಳುವುದಕ್ಕೂ ಶಕ್ತಿ ಇಲ್ಲ ಚಿಕ್ಕಜ್ಜಿ."

ಅವರು ಮೊರವನ್ನು ಮತ್ತೆ ಎತ್ತಿಕೊಂಡು ಸ್ವಲ್ಪ ಹೊತ್ತು ಕೇರಿದರು. ಹೊಟ್ಟು ಹಾರಿ ಅವರ ನರೆಗೂದಲಿನ ಮೇಲೆ ಕೂತಿತು.

"ನನ್ ಕೊನೆ ಮಗಳು ಅಂಬೆಗಾಲಿಕ್ಕೋವಾಗ ಬುಟ್ಟಿದ್ದು ಅದನ್ನ. ಕೈ ಬೆರಳಷ್ಟಿತ್ತು. ನಾನು ನೀರಿಗೋದ್ರೆ ಮೇಲ್ ಬತ್ತದೆ, ನೋಡ್ತದೆ, ಓಯ್ತದೆ. ನಮ್ ಬಾವಿಯೋನು ಅಂತೀನಿ ನಾನು." ಮತ್ತೆ ನಿಲ್ಲಿಸಿದರು. "ಗಾಳ ಆಕಕ್ಕೆ ಬತ್ತದಾ ನಿಂಗೆ?"

"ಇಲ್ಲ."

"ಒಳ್ಳೇದಾಯ್ತು. ನೀನೇ ಆಕು. ಇವ್ನು ಗಾಳ ಮುಟ್ಟಂಗಿಲ್ಲ. ಇವ್ನಿಗೆ ಅದು ಆಟ. ನಿಂಗೆ ನಿಮ್ಮಕ್ಕನ ಕೂಸು. ಆಟಕ್ಕೆ ಕೊಡಕ್ಕಿಲ್ಲ ನಾನು ಅದನ್ನ."

"ಚಿಕ್ಕವ್ವ, ಓದೋ ಉಡುಗಿ, ಅದ್ಕೇನ್ ಗೊತ್ತು..."

"ಬಾಯ್ ಮುಚ್ಚು. ಯೋಳ್ಕೊಡು, ಮುಟ್ಬ್ಯಾಡ."

ಕಪಿಲೆ ಹೊಡೆಯುತ್ತಿರುವ ತನಕ ಬಾವಿಯ ಮೀನು ಮೇಲೆ ಬರುವುದಿಲ್ಲ. ಎತ್ತುಗಳು ಮೇಲಕ್ಕೂ ಕೆಳಕ್ಕೂ ನಡೆಯುತ್ತ ತೊಗಲಿನ ಚೀಲ ಧುಮುಕಿ ಏಳುತ್ತಿರುವಾಗ ಅದು ತಳ ಹಿಡಿದಿರುತ್ತದೆ. ಎತ್ತು ಬಿಡುವ ಹೊತ್ತಿಗಾಗಿ ಕಾದೆವು. ಅಷ್ಟರಲ್ಲಿ ಮಾವ ಹೊಂಗೆಯ ನೆರಳಿನಲ್ಲಿ ಕೂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನನಗೆ ಪಾಠ ಹೇಳಿದರು. ಬಾವಿಯ ಮೀನಿಗೆ ಕಪ್ಪೆಯಲ್ಲ, ಬಾವಿಗೆ ಬೀಳುವುದೇ ಅದರ ಊಟ. ಹೊಲದಂಚಿನ ಹಸಿರು ಮಿಡತೆ ಒಳ್ಳೆಯದು. ಗಾಳವನ್ನು ಅದರ ಬೆನ್ನಿನ ಪಟ್ಟಿಯಡಿಗೆ ಮಾತ್ರ ಚುಚ್ಚಬೇಕು, ಕಾಲು ಆಡುತ್ತಿರಬೇಕು. ಹುರಿಯನ್ನು ಕೈಗೆ ಸುತ್ತಿಕೊಳ್ಳಬಾರದು, ಮೀನು ಎಳೆದರೆ ಬೆರಳು ಕತ್ತರಿಸಿ ಹೋಗುತ್ತದೆ. ಒಂದು ಗೂಟಕ್ಕೆ ಸುತ್ತಿ ಗೂಟ ಹಿಡಿಯಬೇಕು. ಮೀನು ಬಾಯಿ ಹಾಕಿದ ತಕ್ಷಣ ಎಳೆಯಬಾರದು. ಕೊರವ ಮೊದಲು ತುಟಿಯಲ್ಲಿ ಹಿಡಿದು ಕೆಳಗಿಳಿಯುತ್ತದೆ, ಅಲ್ಲಿ ನಿಂತು ತಿರುವಿಕೊಂಡು ನುಂಗುತ್ತದೆ. ಅಷ್ಟು ಹೊತ್ತು ತಾಳಬೇಕು.

"ಅಲ್ಲೇ ಎಲ್ರೂ ಕೆಡೋದು ಕಣವ್ವ. ನಾನೂವೆ. ಕೈ ಸುಮ್ಕಿರಕಿಲ್ಲ."

ನನ್ನ ಕೈ ಸುಮ್ಮನಿರುತ್ತದೆಂದು ನನಗೆ ಗೊತ್ತಿತ್ತು. ಸುಮ್ಮನಿರುವುದೊಂದನ್ನು ನಾನು ಚಿಕ್ಕಂದಿನಿಂದ ಬಲ್ಲೆ.

ಹೊತ್ತು ನೆತ್ತಿಗೆ ಬಂದಾಗ ಎತ್ತು ಬಿಟ್ಟರು. ಸೆರಗು ಸಿಕ್ಕಿಸಿಕೊಂಡು, ಗೋಡೆಯಿಂದ ಹೊರಚಾಚಿದ ಕಲ್ಲು ಮೆಟ್ಟಿಲುಗಳನ್ನು ಹಿಡಿದು ಹಿಡಿದು ಇಳಿದೆ. ನೀರಿಗೆ ಎರಡು ಗೇಣು ಮೇಲಿನ ಕೊನೆಯ ಅಗಲ ಕಲ್ಲಿನ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತೆ. ಮಾವ ಬಾವಿಯ ಕಟ್ಟೆಯ ಮೇಲೆ ಬೋರಲು ಮಲಗಿ ಕಣ್ಣಷ್ಟೇ ಹೊರಗಿಟ್ಟರು. ಚಿಕ್ಕಜ್ಜಿ, "ನಾನು ನೋಡಾಕಿಲ್ಲ," ಎಂದು ಮನೆಗೆ ಹೋದರು.

ಹೊಲದ ಸದ್ದೆಲ್ಲ ಮೇಲೆ ಉಳಿಯಿತು. ಒಳಗೆ ತಂಪು, ಪಾಚಿಯ ವಾಸನೆ, ಕಲ್ಲು ಸಂದಿನಲ್ಲಿ ಪಾರಿವಾಳಗಳ ಗೊಣಗು. ಆ ಹೊತ್ತಿಗೆ ಮಾತ್ರ ಬಿಸಿಲು ನೆಟ್ಟಗೆ ಬಾವಿಯೊಳಕ್ಕೆ ಇಳಿಯುತ್ತಿತ್ತು. ಹಸಿರು ನೀರಿನಲ್ಲಿ ಅದು ಕಂಬದ ಹಾಗೆ ನಿಂತಿತ್ತು, ಕಂಬದೊಳಗೆ ದೂಳಿನ ಕಣಗಳು ಮೆಲ್ಲಗೆ ಸುಳಿಯುತ್ತಿದ್ದವು. ಆಳದಲ್ಲಿ ಒಂದು ಮೆಟ್ಟಿಲು ಕಾಣುತ್ತಿತ್ತು. ಮುಳುಗಿದ ಹಳೆಯ ಮೆಟ್ಟಿಲಿರಬೇಕು ಎಂದುಕೊಂಡೆ. ಅದು ಸರಿಯಿತು.

ಅದು ಏರಿತು ಎನ್ನುವುದಕ್ಕಿಂತ ನೀರೇ ಅದನ್ನು ಎತ್ತಿಕೊಂಡು ಬಂದಿತು ಎನ್ನಬೇಕು. ರೆಕ್ಕೆ ಆಡಲಿಲ್ಲ, ಬಾಲ ಬೀಸಲಿಲ್ಲ. ಕಪ್ಪಾಗಿದ್ದದ್ದು ಬೆಳಕಿನ ಕಂಬದೊಳಗೆ ಬಂದಂತೆ ಕಂದಾಯಿತು, ಆಮೇಲೆ ಬಿಲ್ಲೆ ಬಿಲ್ಲೆಯಾಗಿ ಹೊಳೆಯಿತು. ನನ್ನ ತೋಳಿಗಿಂತ ಉದ್ದ, ಒನಕೆಯಷ್ಟು ದಪ್ಪ. ತಲೆ ಚಪ್ಪಟೆ, ಕಲ್ಲಿನಲ್ಲಿ ಕಡೆದಂತೆ. ಅದು ನೀರಿನ ಮೈಯನ್ನು ಮೂತಿಯಿಂದ ಮುಟ್ಟಿ, ಬಾಯಿ ತೆರೆದು, ಒಂದು ಗುಕ್ಕು ಗಾಳಿ ತೆಗೆದುಕೊಂಡಿತು. ಸದ್ದು ಬಾವಿಯ ನಾಲ್ಕೂ ಗೋಡೆಗೆ ಮುಟ್ಟಿತು. ಆಮೇಲೆ ಅಲ್ಲೇ ನಿಂತು ನನ್ನನ್ನು ನೋಡಿತು.

ನಾನು ಕೊರವನನ್ನು ಬಲ್ಲೆನೆಂದು ತಿಳಿದಿದ್ದೆ. ಕಾಲೇಜಿನ ಗಾಜಿನ ಜಾಡಿಯಲ್ಲಿ ಒಂದಿತ್ತು, ಬಿಳಿಚಿದ್ದು, ಔಷಧದ ವಾಸನೆಯದು. ಅದರ ಕಿವಿರಿನ ಮೇಲೆ ಗಾಳಿ ಹಿಡಿಯುವ ಕೋಣೆಯ ಚಿತ್ರ ಬರೆದು, ಭಾಗಗಳಿಗೆ ಹೆಸರು ಕೊಟ್ಟು, ಸರಿ ಎನ್ನಿಸಿಕೊಂಡಿದ್ದೆ. ಆ ಚಿತ್ರದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಈಗ ಆ ಕೋಣೆಗೆ ಗಾಳಿ ತುಂಬಿದ್ದು ನನ್ನ ಕಣ್ಣೆದುರಿಗೆ; ಆ ಇಕ್ಕಟ್ಟಿನ ಚೌಕದಲ್ಲಿ ಇದ್ದ ಗಾಳಿಯನ್ನು ನಾನೂ ಅದೂ ಹಂಚಿಕೊಂಡು ಉಸಿರಾಡುತ್ತಿದ್ದೆವು. ಇಷ್ಟು ವರ್ಷ, ಮೇಲೆ ಎತ್ತುಗಳು ನಡೆಯುತ್ತಿದ್ದಾಗ, ಮಳೆ ಬಂದು ನಿಂತಾಗ, ನಾನು ದೂರದ ಊರಿನಲ್ಲಿ ದೀಪದ ಕೆಳಗೆ ಓದುತ್ತಿದ್ದಾಗ, ಅದು ಈ ಹಸಿರಿನೊಳಗಿಂದ ಹೀಗೆಯೇ ಎದ್ದು ಬಂದು ಒಂದು ಗುಕ್ಕು ತೆಗೆದುಕೊಂಡು ಹೋಗುತ್ತಿತ್ತು. ಅದನ್ನು ಎಣಿಸಲು ಅಲ್ಲಿ ಯಾರೂ ಇರಲಿಲ್ಲ. ಕೈಯಲ್ಲಿ ಗಾಳವಿತ್ತೆಂಬುದು ನನಗೆ ಮರೆತೇ ಹೋಯಿತು.

"ಬುಡವ್ವ! ಲೇ, ಬುಡೇ!" ಮೇಲಿನಿಂದ ಮಾವನ ಪಿಸುಮಾತು ಸಂಕಟದಿಂದ ಬಂತು.

ಅದು ಇಳಿದುಹೋಗಿತ್ತು.

"ಎಂಥಾ ಕೆಲ್ಸ ಮಾಡ್ದೆ! ಬಾಯ್ ತಗ್ದಿತ್ತಲ್ಲೇ!"

"ಮತ್ತೆ ಬರುತ್ತದೆ ಮಾವ. ಉಸಿರಿಗೆ ಬರಲೇಬೇಕು. ನಿಮ್ಮ ತಲೆಯ ನೆರಳು ನೀರಿನ ಮೇಲಿದೆ."

ಮೇಲೆ ತಲೆ ಮಾಯವಾಯಿತು.

ಮಿಡತೆಯನ್ನು ನೀರಿನ ಮೇಲೆ ಇಳಿಸಿದೆ. ಅದು ಕಾಲು ಬಡಿಯುತ್ತ ಸಣ್ಣ ಬಳೆಗಳನ್ನು ಹುಟ್ಟಿಸುತ್ತಿತ್ತು. ಆ ಹೊತ್ತಿನಲ್ಲಿ ನಾನು ಮಗುವಿನ ಮುಖವನ್ನು ನೆನಪಿಗೆ ತಂದುಕೊಂಡೆ. ಬೇಕೆಂದೇ ತಂದುಕೊಂಡೆ, ಇಲ್ಲದಿದ್ದರೆ ಗಾಳ ಎತ್ತಿಕೊಂಡು ಮೆಟ್ಟಿಲು ಹತ್ತಿಬಿಡುತ್ತಿದ್ದೆನೋ ಏನೋ. ಬಾಡಿದ ಎಲೆಯಂತೆ ಸುಕ್ಕಾಗಿದ್ದ ಆ ಹಣೆ. ಬಿಸಿಲಿನ ಕಂಬ ಒಂದು ಗೋಡೆಯ ಕಡೆಗೆ ವಾಲಿತು. ಪಾರಿವಾಳಗಳು ಸುಮ್ಮನಾದವು. ಆಗ ಮತ್ತೆ ಆಳದ ಆ ಮೆಟ್ಟಿಲು ಸರಿಯಿತು.

ಅದು ಮಿಡತೆಯ ಕೆಳಗೆ ಬಂದು ನಿಂತಿತು. ನೋಡಿತು. ಮಿಡತೆ ಇದ್ದ ಜಾಗದಲ್ಲಿ ಒಂದು ಗುಳಿ ಬಿದ್ದು ಮುಚ್ಚಿಕೊಂಡಿತು, ಅಷ್ಟೆ. ಹುರಿ ನನ್ನ ಬೆರಳ ಸಂದಿನಿಂದ ಮೆಲ್ಲಗೆ ಇಳಿಯತೊಡಗಿತು. ಇಳಿಯಿತು, ಇಳಿಯಿತು, ನಿಂತಿತು. ನಾನು ತಾಳಿದೆ. ಹುರಿ ಒಮ್ಮೆ ಅದುರಿತು, ಮತ್ತೆ ಸಾಗಿತು. ಆಗ ಎರಡೂ ಕೈಯಿಂದ ಗೂಟ ಹಿಡಿದು ಎಳೆದೆ.

ಬಾವಿ ಒಡೆದಂತಾಯಿತು. ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದು ಆಕಾಶದ ಚೌಕದಿಂದ ಹೊರಗೆ ಹಾರಿದವು. ನೀರು ನನ್ನ ಮುಖಕ್ಕೆ, ಎದೆಗೆ ಹೊಡೆಯಿತು. ತೋಳು ಕೀಲಿನಿಂದ ಕಿತ್ತು ಬರುವಂತೆ ಎಳೆತ. ಕಾಲನ್ನು ಕಲ್ಲಿಗೆ ಒತ್ತಿ, ಬೆನ್ನನ್ನು ಗೋಡೆಗೆ ಒತ್ತಿ, ಕಣ್ಣು ಮುಚ್ಚಿಕೊಂಡೆ. ಎಷ್ಟು ಹೊತ್ತೋ ಗೊತ್ತಿಲ್ಲ. ಎಳೆತ ಸಡಿಲವಾದಾಗ ಕಣ್ಣು ತೆರೆದರೆ, ನನ್ನ ಪಕ್ಕದಲ್ಲಿ ಹಗ್ಗಕ್ಕೆ ಕಟ್ಟಿದ ಕುಕ್ಕೆಯೊಂದು ಮೇಲಿನಿಂದ ಇಳಿದು ತೂಗಾಡುತ್ತಿತ್ತು.

"ಗಾಳ ಮುಟ್ಬ್ಯಾಡ ಅಂದವ್ಳೆ. ಕುಕ್ಕೆ ಮುಟ್ಬ್ಯಾಡ ಅಂದಿಲ್ಲ," ಎಂದರು ಮಾವ. "ಕೆಳಗಿಂದ ಕೊಡು ಕುಕ್ಕೇನ, ತಲೆ ಕಡೆಯಿಂದ. ಬಾಯೊಳಕ್ಕೆ ಬೆರಳು ಇಕ್ಕಬ್ಯಾಡ, ಚೂಪಾದ ಅಲ್ಲು ಅವೆ."

ಮೇಲೆ ಬಂದಾಗ ಚಿಕ್ಕಜ್ಜಿ ಕಟ್ಟೆಯ ಬಳಿ ನಿಂತಿದ್ದರು. ಸದ್ದು ಮನೆಯ ತನಕ ಕೇಳಿರಬೇಕು. ಒದ್ದೆ ಗೋಣಿಯ ಮೇಲೆ ಮಲಗಿದ್ದ ಮೀನನ್ನು ಅವರು ನೋಡುತ್ತ ನಿಲ್ಲಲಿಲ್ಲ. ಅದೇ ಬಾವಿಯ ನೀರನ್ನು ಒಂದು ಕೊಡ ತಂದು ಅದರ ಮೇಲೆ ಸುರಿದರು. ಅಂಗೈಯನ್ನು ಅದರ ತಲೆಯ ಮೇಲೆ ಒಂದು ಸಲ ಇಟ್ಟು ತೆಗೆದರು.

"ಓಗು. ನಮ್ ಕೂಸ್ಗೆ ಆಲು ಕೊಡೋಗು," ಎಂದರು. ನಮ್ಮ ಕಡೆ ತಿರುಗಿ, "ಇನ್ ನಿಂತ್ಕಬ್ಯಾಡಿ. ನಡೀರಿ, ನಡೀರಿ," ಎಂದು ಗದರಿದರು. ಗಾಡಿ ತಿರುಗುವಾಗ ನೋಡಿದೆ: ಅವರು ಬಾವಿಯೊಳಕ್ಕೆ ಬಗ್ಗಿ ನೋಡುತ್ತ ನಿಂತಿದ್ದರು.

ದಾರಿಯುದ್ದಕ್ಕೂ ನಾನು ಗೋಣಿಗೆ ನೀರು ಚಿಮುಕಿಸುತ್ತ ಬಂದೆ. ಒಳಗಿನಿಂದ ಆಗಾಗ ಅದು ಗಾಳಿ ತೆಗೆದುಕೊಳ್ಳುವ ಸದ್ದು ಬರುತ್ತಿತ್ತು. ಮಾವ ಮಾತಾಡಲಿಲ್ಲ. ಒಂದು ಸಲ ಮಾತ್ರ, "ಇಷ್ಟ್ ದೊಡ್ಡದು ನಾನು ಇಡಿದಿಲ್ಲ ಕಣವ್ವ," ಎಂದರು. ಹೊಟ್ಟೆಕಿಚ್ಚಿನಿಂದ ಅಲ್ಲ.

ಮನೆಯಲ್ಲಿ ಅಜ್ಜಿ ಬೂದಿ ಗುಡ್ಡೆ ಮಾಡಿಕೊಂಡು ಕಾದಿದ್ದರು. ಕೊರವನ ಮೈಯ ಲೋಳೆ ಬೂದಿಯಿಲ್ಲದೆ ಕೈಗೆ ನಿಲ್ಲುವುದಿಲ್ಲ. ನಾನು ಅಲ್ಲಿಂದ ಎದ್ದು ಹೋಗಲಿಲ್ಲ. ಅಜ್ಜಿ ತಲೆ ಬಿಡಿಸಿದಾಗ ಕಿವಿರಿನ ಮೇಲಿನ ಆ ಕೋಣೆ ಕಂಡಿತು. ಜಾಡಿಯ ಮೀನಿನಲ್ಲಿ ಅದು ಬೂದು ಬಣ್ಣದ ತೊಗಲು. ಇಲ್ಲಿ ಮಡಿಕೆ ಮಡಿಕೆಯಾಗಿ, ಕೆಂಡಸಂಪಿಗೆಗಿಂತ ಕೆಂಪಗೆ, ಇನ್ನೂ ಮಿನುಗುತ್ತಿತ್ತು.

ಅಕ್ಕನ ಕೋಣೆ ಹೊಗೆಯಿಂದ ಮಬ್ಬಾಗಿತ್ತು. ಅಜ್ಜಿ ಸಾರಿನ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತರು. ಅಕ್ಕ ಗೋಡೆಯ ಕಡೆಗೇ ಮುಖ ಮಾಡಿ, "ಬ್ಯಾಡ ಅಜ್ಜಿ. ಏನೂ ಬ್ಯಾಡ. ಓದ್ಸಲಾನೂ ಇಂಗೇ," ಎಂದಳು. ಅವಳು ಹೋದ ಸಲದ ಮಾತೆತ್ತಿದ್ದು ಅದೇ ಮೊದಲು. ಅಜ್ಜಿಯ ಕೈ ಬಟ್ಟಲಿನ ಮೇಲೆ ನಿಂತುಬಿಟ್ಟಿತು.

ಕೊನೆಗೆ ಅಜ್ಜಿ, "ನಿನ್ ತಂಗಿ ಬಾವಿಗಿಳ್ದು ಇಡ್ಕಬಂದವ್ಳೆ ಕಣೆ," ಎಂದರು.

ಅಕ್ಕ ತಲೆ ತಿರುಗಿಸಿದಳು. "ಯಾರು? ಇವಳಾ? ಜಿರಲೆ ಕಂಡ್ರೆ ಮಂಚ ಅತ್ತೋಳು?"

"ಮಿಡತೆ ಕೂಡ ಇವಳೇ ಚುಚ್ಚಿದ್ದು," ಎಂದರು ಮಾವ ಬಾಗಿಲ ಹೊರಗಿನಿಂದ. "ನಾನು ಮುಟ್ಟಿಲ್ಲ. ನಂಗೆ ಪೊರಕೆ ಭಯ."

"ಯೋಳೇ, ಏನಾಯ್ತು?" ಎಂದಳು ಅಕ್ಕ.

ನನಗೆ ಮಾತು ಕಡಿಮೆ. ಆದರೆ ಅಕ್ಕ "ಆಮ್ಯಾಕೆ?" ಎಂದಾಗಲೆಲ್ಲ ಅಜ್ಜಿ ಒಂದು ಚಮಚ ಅವಳ ಬಾಯಿಗಿಡುತ್ತಿದ್ದರು, ಅವಳು ಅರಿವಿಲ್ಲದೆ ನುಂಗುತ್ತಿದ್ದಳು. ಅದನ್ನು ಕಂಡ ಮೇಲೆ ನಾನು ಬಿಡಲಿಲ್ಲ. ಕೆರೆಯ ಕೆಂಪು ಮರಿಗಳನ್ನು ಹೇಳಿದೆ, ಕಾಯುವ ಗಂಡನ್ನು ಹೇಳಿದೆ, ಭಾವನನ್ನು ಕರೆತಂದು ತೋರಿಸಬೇಕೆಂದು ಮಾವ ಅಂದದ್ದನ್ನು ಹೇಳಿದೆ. ಅಕ್ಕ ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಬಂತು, ಕೆಮ್ಮಿ ಮತ್ತೆ ನಕ್ಕಳು. ಬಟ್ಟಲಿನಲ್ಲಿ ಇನ್ನೂ ಇತ್ತು. ಬಿಸಿಲಿನ ಕಂಬವನ್ನು ಹೇಳಿದೆ, ಸರಿದ ಮೆಟ್ಟಿಲನ್ನು ಹೇಳಿದೆ. ಒಂದನ್ನೂ ಬಿಡದೆ, ನಿಧಾನವಾಗಿ. ಅಷ್ಟು ಮಾತನ್ನು ನಾನು ಒಟ್ಟಿಗೆ ಆಡಿದ್ದು ಆ ಮೊದಲೂ ಇಲ್ಲ, ಆಮೇಲೂ ಇಲ್ಲ. ಮೀನು ಬಂದು ನನ್ನನ್ನು ನೋಡಿತು ಎಂದಾಗ ಅಕ್ಕ, "ಎಂಗ್ ನೋಡ್ತೇ?" ಎಂದು ಕೇಳಿದಳು. ಅದನ್ನು ಹೇಳುವುದಕ್ಕೆ ನನ್ನಲ್ಲಿ ಮಾತಿರಲಿಲ್ಲ. ಬಟ್ಟಲೂ ಬರಿದಾಗಿತ್ತು.

ಉಳಿದ ಮೀನಿನ ಸಾರನ್ನು ಮರುದಿನವೂ ಕೊಟ್ಟರು. ಆಮೇಲೆ ಅವಳು ಅನ್ನ ಕೇಳಿದಳು, ಮುದ್ದೆ ಕೇಳಿದಳು. ಮೀನಿನ ಗುಣವೋ, ಜ್ವರದ ಸುಸ್ತು ಕಳೆದದ್ದೋ, ಹೊಟ್ಟೆಗೆ ಏನೋ ಒಂದು ಬಿದ್ದದ್ದೋ, ನಾನು ಹೇಳಲಾರೆ. ಇಷ್ಟು ವರ್ಷಗಳಾದ ಮೇಲೆ ಈಗಲೂ ಹೇಳಲಾರೆ. ಇಷ್ಟು ಮಾತ್ರ ಹೇಳಬಲ್ಲೆ: ಒಂದು ಸಂಜೆ ನಾನು ಹಿತ್ತಿಲಿನಿಂದ ಬರುತ್ತಿರುವಾಗ ಅವ್ವ ಅಕ್ಕನ ಕೋಣೆಯಿಂದ ಹೊರಗೆ ಬಂದು, ಬಾಯಿಗೆ ಸೆರಗು ಒತ್ತಿಕೊಂಡು, ಗೋಡೆಗೆ ಒರಗಿ ನಿಂತಳು. ನಾನು ಹೆದರಿ ಒಳಗೆ ಓಡಿದೆ.

ಅಕ್ಕ ಎದ್ದು ಕೂತಿದ್ದಳು. ಮಗು ಅವಳ ಸೆರಗಿನೊಳಗಿತ್ತು. ಅದರ ಪುಟ್ಟ ಪಾದವೊಂದು ಮಾತ್ರ ಹೊರಗಿತ್ತು, ಬೆರಳುಗಳು ಮಡಚಿ ಬಿಚ್ಚುತ್ತಿದ್ದವು. ನಾನು ಹತ್ತಿರ ಹೋಗುವಷ್ಟರಲ್ಲಿ ಅಜ್ಜಿ ನನ್ನ ತೋಳು ಹಿಡಿದರು.

"ನೋಡ್ಬ್ಯಾಡ ಕಣೇ. ಆಲ್ ಕುಡಿಯೋವಾಗ ನೋಡ್ಬಾರ್ದು, ದೃಷ್ಟಿಯಾಯ್ತದೆ. ಓಗ್ ಆಚೆಗೆ."

ನನ್ನನ್ನು ಹೊರಗೆ ದಬ್ಬಿ ಬಾಗಿಲು ಮುಂದು ಮಾಡಿದರು. ನಾನು ಪಡಸಾಲೆಯಲ್ಲಿ ಅವ್ವನ ಪಕ್ಕದಲ್ಲಿ ನಿಂತೆ. ಬಾಗಿಲ ಸಂದಿನಿಂದ ಮಗು ಕುಡಿಯುವ ಸದ್ದು ಬರುತ್ತಿತ್ತು: ಒಂದು ಗುಟುಕು, ಒಂದು ಬಿಡುವು, ಮತ್ತೆ ಆತುರದ ಗುಟುಕು. ಅಷ್ಟು ಸಣ್ಣ ಗಂಟಲಿನಿಂದ ಅಷ್ಟು ದೊಡ್ಡ ಸದ್ದು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.